ಅಡ್ವೈಸರ್ ಹೂಂ ಅಂದರು ಅಂತ ಕೋರ್ಸ್ ಬಿಡಬೇಡಿ

ಅಮೆರಿಕದ ಕಾಲೇಜಿಗೆ ಹೊಸದಾಗಿ ಬರುವ ನಮ್ಮ ಹುಡುಗರು ಅಕಾಡೆಮಿಕ್ ಅಡ್ವೈಸರ್ ಅಂದರೆ ಊರಿನ ಪ್ರಾಕ್ಟರ್ ಇದ್ದ ಹಾಗೆ ಅಂದುಕೊಳ್ಳುತ್ತಾರೆ. ಅಟೆಂಡೆನ್ಸ್ ಕಮ್ಮಿಯಾದರೆ ಕರೆದು ಬೈದು, ಮನೆಗೆ ಫೋನ್ ಮಾಡುವ ಮೇಷ್ಟ್ರು. ಇಲ್ಲಿ ಅದೆಲ್ಲ ಇಲ್ಲ. ನೀವಾಗಿ ಹೋದರೆ ಮಾತಾಡುತ್ತಾರೆ, ಇಲ್ಲದಿದ್ದರೆ ಇಲ್ಲ. ವಿದ್ಯಾರ್ಥಿಗಳ ದಾಖಲೆ ಗುಟ್ಟಾಗಿಡುವ ಫೆರ್ಪಾ ಕಾನೂನಿನ ಕಾರಣಕ್ಕೆ ಅಪ್ಪ ಫೋನ್ ಮಾಡಿ ಕೇಳಿದರೂ ಸಾಮಾನ್ಯವಾಗಿ ಮಾರ್ಕ್ಸ್ ಹೇಳುವುದಿಲ್ಲ.

ಇಷ್ಟು ಎಲ್ಲರಿಗೂ ಬೇಗ ಗೊತ್ತಾಗುತ್ತದೆ. ಗೊತ್ತಾಗದೇ ಉಳಿಯುವುದು ಬೇರೆ: ನಿಮ್ಮ ಡಿಗ್ರಿ ನೋಡಿಕೊಳ್ಳುವವರು ಅಡ್ವೈಸರ್, ವೀಸಾ ಸ್ಟೇಟಸ್ ನೋಡಿಕೊಳ್ಳುವವರು ಇಂಟರ್‌ನ್ಯಾಷನಲ್ ಆಫೀಸಿನ ಡಿಎಸ್‌ಒ (ಡೆಸಿಗ್ನೇಟೆಡ್ ಸ್ಕೂಲ್ ಅಫಿಷಿಯಲ್). ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ತಲುಪುತ್ತದೆ ಅಂತ ನಂಬಬೇಡಿ.

ದಾವಣಗೆರೆ ಕಡೆಯ ಹುಡುಗನೊಬ್ಬ 14 ಕ್ರೆಡಿಟ್ ತಗೊಂಡಿದ್ದ. 4 ಕ್ರೆಡಿಟ್‌ನ ಕ್ಯಾಲ್ಕುಲಸ್ ಕೈಕೊಟ್ಟಿತು. 'ಡ್ರಾಪ್ ಮಾಡು, ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಡಬ್ಲ್ಯು (ಕೋರ್ಸ್ ಬಿಟ್ಟ ಗುರುತು) ಬರುತ್ತೆ, ಜಿಪಿಎಗೆ ತೊಂದರೆ ಇಲ್ಲ' ಅಂದರು ಅಡ್ವೈಸರ್. ಅವರು ಹೇಳಿದ್ದು ಸರಿಯೇ, ಅಮೆರಿಕದ ಹುಡುಗನಿಗೆ! ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಬ್ಯಾಚುಲರ್ಸ್ ಓದುವವರಿಗೆ ಸೆಮಿಸ್ಟರ್‌ಗೆ ಕನಿಷ್ಠ 12 ಕ್ರೆಡಿಟ್ ಬೇಕು. ಇವನದು 10ಕ್ಕೆ ಇಳಿಯಿತು, ವಿದೇಶಿ ವಿದ್ಯಾರ್ಥಿಗಳ ಲೆಕ್ಕ ಇಡುವ ಸರ್ಕಾರದ ಸೆವಿಸ್ ವ್ಯವಸ್ಥೆಯಲ್ಲಿ ಇವನ ದಾಖಲೆ ರದ್ದಾಯಿತು. ಸ್ಟೇಟಸ್ ಮತ್ತೆ ಕೊಡಿ ಅಂತ ಐ-539 ಅರ್ಜಿ ಹಾಕಿ ಕಾಯಬಹುದಿತ್ತು. ಅವನು ಊರಿಗೆ ಹೋಗಿ ವೀಸಾಕ್ಕೆ ಕಾಲೇಜು ಕೊಡುವ ಐ-20 ಪತ್ರ ಹೊಸದಾಗಿ ಹಿಡಿದು ಬಂದ. 350 ಡಾಲರ್ ಸೆವಿಸ್ ಫೀ ಮತ್ತೆ ಕಟ್ಟಿದ, ವಿಮಾನದ ಖರ್ಚು ಬೇರೆ, ಕಟ್ಟಿದ್ದ ಸೆಮಿಸ್ಟರ್ ಫೀಸೂ ಹೋಯಿತು. ಸಿಪಿಟಿಗೆ (ಓದುವಾಗಲೇ ಇಂಟರ್ನ್‌ಶಿಪ್ ಥರದ ಕೆಲಸಕ್ಕೆ ಸಿಗುವ ಅನುಮತಿ) ಒಂದು ಪೂರ್ತಿ ಶೈಕ್ಷಣಿಕ ವರ್ಷ ಓದಿರಬೇಕು ಅನ್ನುವ ಲೆಕ್ಕ ಮತ್ತೆ ಮೊದಲಿಂದ ಶುರು.

ಸಿಟ್ಟು ಬರುವುದು ಯಾಕೆಂದರೆ, ನಿಯಮದಲ್ಲೇ ದಾರಿ ಇತ್ತು. ಇಲ್ಲಿನ ಪಾಠದ ರೀತಿ ಹೊಸದು, ಅಥವಾ ಕೋರ್ಸಿನ ಮಟ್ಟ ನಿಮಗೆ ಹೊಂದಲಿಲ್ಲ ಅಂದರೆ ಡಿಎಸ್‌ಒ ಕ್ರೆಡಿಟ್ ಇಳಿಸಲು ಅನುಮತಿ ಕೊಡಬಹುದು. ಆಗಲೂ 6 ಕ್ರೆಡಿಟ್ ಇರಲೇಬೇಕು, ಒಂದು ಹಂತದ ಡಿಗ್ರಿಗೆ ಒಂದೇ ಸಲ. ಆದರೆ ಅನುಮತಿ ಮೊದಲು, ಡ್ರಾಪ್ ಬಟನ್ ಆಮೇಲೆ. ಉಲ್ಟಾ ಆದರೆ ಕೆಟ್ಟಿತು. ಆನ್‌ಲೈನ್ ಕ್ಲಾಸಿನದೂ ಇಂಥದ್ದೇ ಕಥೆ: 12ರ ಲೆಕ್ಕಕ್ಕೆ ಸೇರುವುದು ಒಂದು ಸೆಮಿಸ್ಟರ್‌ನಲ್ಲಿ ಒಂದೇ ಕೋರ್ಸ್ ಅಥವಾ 3 ಕ್ರೆಡಿಟ್.

ವಿಟಿಯುನಲ್ಲಿ ಯಾವ ಸೆಮಿಸ್ಟರ್‌ಗೆ ಏನು ಓದಬೇಕು ಅನ್ನುವ ಸ್ಕೀಮ್ ಅವರೇ ಹಾಕಿಕೊಡುತ್ತಾರೆ, ಇಂಥ ತಪ್ಪಿಗೆ ಜಾಗವೇ ಇಲ್ಲ. ಇಲ್ಲಿ ಆಯ್ಕೆ ಜಾಸ್ತಿ, ಅದು ಒಳ್ಳೆಯದೇ. ಆದರೆ ಹದಿನೆಂಟರ ಹುಡುಗರ ಮೇಲೆ ಕಣ್ಣಿಡುವುದರಲ್ಲಿ ನಮ್ಮ ಪ್ರಾಕ್ಟರೇ ವಾಸಿ, ಎಷ್ಟೇ ಬೈಯಲಿ.

ಹಾಗಂತ ಅಡ್ವೈಸರ್ ಬೇಡ ಅಂತಲ್ಲ. ಮುಂದಿನ ಸೆಮಿಸ್ಟರ್‌ನ ರಿಜಿಸ್ಟ್ರೇಷನ್ ಶುರುವಾಗುವ ಮುಂಚೆಯೇ ಹೋಗಿ, ಆಮೇಲೆ ಅವರ ಹತ್ತಿರ ಅರ್ಧ ಗಂಟೆಯೂ ಸಿಗುವುದಿಲ್ಲ. 'ಏನು ತಗೊಳ್ಳಲಿ?' ಅಂತ ಸುಮ್ನೆ ಕೂತರೆ ಕ್ಯಾಟಲಾಗ್‌ನಲ್ಲಿ ಇರುವುದನ್ನೇ ಓದಿ ಹೇಳುತ್ತಾರೆ. ಡಿಗ್ರಿ ಆಡಿಟ್ (ಏನು ಮುಗಿದಿದೆ, ಏನು ಬಾಕಿ ಅನ್ನುವ ಪಟ್ಟಿ) ಪ್ರಿಂಟ್ ಮಾಡಿಕೊಂಡು, ನಿಮ್ಮದೇ ಒಂದು ಪ್ಲಾನ್ ಬರೆದುಕೊಂಡು ಹೋಗಿ. ಯಾವ ಕೋರ್ಸ್ ವರ್ಷಕ್ಕೆ ಒಂದೇ ಸಲ ಇರುತ್ತದೆ, ಯಾವುದಕ್ಕೆ ಯಾವುದು ಪ್ರಿರಿಕ್ವಿಸಿಟ್ (ಮೊದಲೇ ಮುಗಿಸಿರಬೇಕಾದ ಕೋರ್ಸ್), ಇದನ್ನು ಬಿಡಿಸಿ ಕೇಳಿ. ಒಂದು ಕೋರ್ಸ್ ತಪ್ಪಿದರೆ ಅದಾದ ಮೇಲೆ ತಗೊಳ್ಳಬೇಕಾದ ಕೋರ್ಸ್‌ಗಳ ಸಾಲೆಲ್ಲ ಒಂದು ವರ್ಷ ಮುಂದಕ್ಕೆ ಹೋಗಬಹುದು. ಬಂದ ಮೇಲೆ ಅವತ್ತೇ ಈಮೇಲ್ ಹಾಕಿ: 'ನಾವು ಮಾತಾಡಿದ್ದು ಇದು, ಸರಿ ತಾನೇ?' ಅಡ್ವೈಸರ್‌ಗಳು ಬದಲಾಗುತ್ತಿರುತ್ತಾರೆ. ಹೊಸಬರ ಮುಂದೆ 'ಹಿಂದಿನವರು ಬಾಯಲ್ಲಿ ಹೇಳಿದ್ದರು' ಅನ್ನುವುದು ನಡೆಯುವುದಿಲ್ಲ.