ಸಂಜೆ ಐದರ ಲೆಕ್ಕ

2020ರ ಆಗಸ್ಟಿನಲ್ಲಿ ನಮ್ಮ ಬೀದಿಯ ಟೀ ಅಂಗಡಿಯಲ್ಲಿ ಎರಡು ಪಕ್ಷಗಳಿದ್ದವು. ಒಂದು ಪಕ್ಷದ ಪ್ರಕಾರ ಸರ್ಕಾರ ಕೊರೊನಾ ಕೇಸುಗಳನ್ನು ಮುಚ್ಚಿಡುತ್ತಿತ್ತು. ಇನ್ನೊಂದರ ಪ್ರಕಾರ ದುಡ್ಡು ಹೊಡೆಯೋಕೆ ಸುಮ್ನೆ ಕೇಸು ಏರಿಸುತ್ತಿತ್ತು. ನನ್ನನ್ನು ಕಂಡರೆ ಎರಡೂ ಪಕ್ಷದವರದ್ದು ಒಂದೇ ಪ್ರಶ್ನೆ: "ಮೇಷ್ಟ್ರೇ, ನೀವು ಒಳಗೇ ಇದ್ದೀರಲ್ಲ, ನಿಜವಾದ ನಂಬರ್ ಎಷ್ಟು ಹೇಳಿ."

ನಾನು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವವನು. ಶಾಲೆಗೆ ಬೀಗ ಬಿದ್ದಿತ್ತು. ಈ ಮೇಷ್ಟ್ರಿಗೆ ಎಕ್ಸೆಲ್ ಬರುತ್ತೆ ಅಂತ ಯಾರೋ ಹೆಸರು ಕೊಟ್ಟರು. ಜಿಲ್ಲೆಯ ಕೋವಿಡ್ ವಾರ್ ರೂಮಿಗೆ ನಿಯೋಜನೆ ಆಯಿತು. "ಹದಿನೈದು ದಿನ ಅಷ್ಟೇ ಸರ್" ಅಂದಿದ್ದರು. ನಡುವೆ ಕೆಲವು ತಿಂಗಳು ಬಿಟ್ಟರೆ ಎರಡು ಅಲೆಗಳನ್ನೂ ಅದೇ ಕುರ್ಚಿಯಲ್ಲಿ ಕೂತು ನೋಡಿದೆ.

ಕೆಲಸ ಹೀಗಿತ್ತು. ಲ್ಯಾಬಿನವರು ಫಲಿತಾಂಶವನ್ನು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಪೋರ್ಟಲಿಗೆ ಹಾಕುತ್ತಾರೆ. ನಮ್ಮ ಜಿಲ್ಲೆಯವರದ್ದೆಲ್ಲ ಒಂದು ಪಟ್ಟಿಯಾಗಿ ನಮಗೆ ಬರುತ್ತದೆ. ಇದಕ್ಕೆ ಲೈನ್ ಲಿಸ್ಟ್ ಅನ್ನುತ್ತೇವೆ. ಒಬ್ಬ ಮನುಷ್ಯನಿಗೆ ಒಂದು ಸಾಲು: ಪ್ರತಿ ಪರೀಕ್ಷೆಗೂ ಕೊಡುವ ಗುರುತಿನ ಸಂಖ್ಯೆಯಾದ ಎಸ್‌ಆರ್‌ಎಫ್ ಐಡಿ, ಹೆಸರು, ವಯಸ್ಸು, ಫೋನು, ವಿಳಾಸ. ನಾವು ಫೋನ್ ಮಾಡಿ ಖಚಿತ ಮಾಡಿಕೊಂಡು ತಾಲೂಕುಗಳಿಗೆ ಹಂಚಬೇಕು, ಒಟ್ಟು ಸಂಖ್ಯೆಯನ್ನು ಮೇಲಕ್ಕೆ ಕಳಿಸಬೇಕು. ಆಗ ರಾಜ್ಯದ ಬುಲೆಟಿನ್ನಿನ ಲೆಕ್ಕ ಒಂದು ಸಂಜೆ ಐದರಿಂದ ಮರುದಿನ ಸಂಜೆ ಐದರವರೆಗೆ. ನಾಲ್ಕೂವರೆ ಆಯಿತು ಅಂದರೆ ನಮ್ಮ ಕೋಣೆಯಲ್ಲಿ ಯಾರೂ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ.

ನನ್ನ ಮೊದಲ ಪಾಠ ಒಂದು "ಸ್ಫೋಟ". ಒಂದು ದಿನ ನಮ್ಮ ಜಿಲ್ಲೆಯಲ್ಲಿ 40ರ ಆಸುಪಾಸು ಕೇಸು. ಮರುದಿನ 38. ಮೂರನೇ ದಿನ 210. ಟಿವಿಯಲ್ಲಿ ಕೆಂಪು ಅಕ್ಷರದಲ್ಲಿ ಕೊರೊನಾ ಸ್ಫೋಟ ಅಂತ ಬಂತು. ಊರಿನ ಅಂಗಡಿಗಳು ತಾವಾಗೇ ಬಾಗಿಲು ಹಾಕಿದವು. ಆದರೆ ಪಟ್ಟಿಯಲ್ಲಿ ಇನ್ನೊಂದು ಕಾಲಂ ಇತ್ತು: ಗಂಟಲ ದ್ರವ ತೆಗೆದ ದಿನ. ಅದರ ಪ್ರಕಾರ ಜೋಡಿಸಿ ನೋಡಿದರೆ ಸ್ಫೋಟವೇ ಇಲ್ಲ! ಲ್ಯಾಬಿನಲ್ಲಿ ಕೆಲಸ ನಿಂತು ನಾಲ್ಕೈದು ದಿನದ ಮಾದರಿಗಳು ರಾಶಿ ಬಿದ್ದಿದ್ದವು. ಅವುಗಳ ಫಲಿತಾಂಶ ಒಂದೇ ಮಧ್ಯಾಹ್ನ ಬಂದಿತ್ತು. ಜನಕ್ಕೆ ಸೋಂಕು ತಗುಲಿದ್ದು ಮಾತ್ರ ನಿಧಾನವಾಗಿ, ದಿನಕ್ಕೆ ಐವತ್ತು ಅರವತ್ತರಂತೆ.

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟೆ. ಕಳಿಸುವ ಲೆಕ್ಕ ಕಳಿಸುವ ಲೆಕ್ಕವೇ. ನನ್ನ ಸಮಾಧಾನಕ್ಕೆ ಪ್ರತಿ ದಿನಕ್ಕೂ ಎರಡು ಸಂಖ್ಯೆ ಬರೆಯುತ್ತಿದ್ದೆ. ಎಡಕ್ಕೆ ವರದಿಯಾದ ದಿನದ್ದು, ಬಲಕ್ಕೆ ಮಾದರಿ ತೆಗೆದ ದಿನದ್ದು. ಎಡಗಡೆಯದು ಗರಗಸದ ಹಲ್ಲಿನ ಹಾಗೆ ಕುಣಿಯುತ್ತಿತ್ತು. ಸೋಮವಾರ ಕಡಿಮೆ, ಯಾಕೆಂದರೆ ಭಾನುವಾರ ಮಾದರಿ ತೆಗೆಯುವವರು ಕಡಿಮೆ. ಬಲಗಡೆಯದು ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತಿತ್ತು. ಬಲಗಡೆಯದಕ್ಕೂ ಒಂದು ಕಷ್ಟ ಇದೆ. ಅದು ಪೂರ್ತಿ ತುಂಬಲು ಒಂದು ವಾರ ಬೇಕು. ಇವತ್ತಿನ ಸಂಖ್ಯೆ ಕೇಳಿದರೆ ಅದರ ಬಳಿ ಉತ್ತರ ಇಲ್ಲ. ಟಿವಿಗೆ ಬೇಕಾದದ್ದು ಇವತ್ತಿನ ಸಂಖ್ಯೆ ಅಲ್ವಾ.

ಮುಂದಿನ ತಲೆನೋವು ಎರಡೆರಡು ಸಲ ಎಣಿಸುವುದು. ಒಬ್ಬ ಮನುಷ್ಯ ಮೂರು ಸಲ ಪರೀಕ್ಷೆ ಮಾಡಿಸಿದರೆ ಮೂರು ಎಸ್‌ಆರ್‌ಎಫ್ ಐಡಿ. ಮೂರರಲ್ಲೂ ಪಾಸಿಟಿವ್ ಬಂದರೆ ಕಂಪ್ಯೂಟರಿಗೆ ಮೂವರು. ಹೆಸರು ಹಿಡಿದು ಹುಡುಕೋಣ ಅಂದರೆ ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಮಂಜುನಾಥ ಅನ್ನುವ ಒಂದು ಹೆಸರನ್ನೇ ಐದು ಸ್ಪೆಲಿಂಗಿನಲ್ಲಿ ನೋಡಿದ್ದೇನೆ. ಫೋನ್ ನಂಬರಿನಿಂದ ಹುಡುಕಿದರೆ ಇಡೀ ಮನೆಗೆ ಒಂದೇ ನಂಬರ್. ಕೊನೆಗೆ ನಾನು ಮಾಡಿಕೊಂಡ ದಾರಿ ಇದು. ಮೊದಲು ಫೋನ್ ನಂಬರಿನ ಪ್ರಕಾರ ಜೋಡಿಸುವುದು. ಒಂದೇ ನಂಬರಿನಲ್ಲಿ ವಯಸ್ಸಿನ ವ್ಯತ್ಯಾಸ ಎರಡು ವರ್ಷದೊಳಗಿದ್ದು, ಗಂಡೋ ಹೆಣ್ಣೋ ಅನ್ನುವುದೂ ಹೊಂದಿದರೆ ಆ ಸಾಲುಗಳಿಗೆ ಹಳದಿ ಬಣ್ಣ ಹಚ್ಚುವುದು. ಅಳಿಸುವ ಹಾಗಿಲ್ಲ. ಫೋನ್ ಮಾಡಿ ಕೇಳಿದ ಮೇಲೆಯೇ ಅಳಿಸುವುದು. ಒಮ್ಮೆ ಅವಸರದಲ್ಲಿ ಅವಳಿ ಮಕ್ಕಳಲ್ಲಿ ಒಬ್ಬನನ್ನು ಪಟ್ಟಿಯಿಂದ ಹಾರಿಸಿಬಿಟ್ಟಿದ್ದೆ.

ನಮ್ಮ ಎಕ್ಸೆಲ್ ಫೈಲು ಮಧ್ಯಾಹ್ನ ಕೈಕೊಟ್ಟಾಗೆಲ್ಲ ಜೊತೆಯವರು "ನಮ್ಮ ದೇಶವೇ ಹೀಗೆ" ಅನ್ನುತ್ತಿದ್ದರು. ಆ ಅಕ್ಟೋಬರಿನಲ್ಲಿ ಇಂಗ್ಲೆಂಡಿನಲ್ಲಿ 15,841 ಕೇಸುಗಳು ಲೆಕ್ಕಕ್ಕೇ ಸೇರಿರಲಿಲ್ಲ ಅಂತ ಸುದ್ದಿ ಬಂತು. ಕಾರಣ ಎಕ್ಸೆಲ್ಲಿನ ಹಳೇ ಮಾದರಿಯ ಫೈಲು. ಅದರಲ್ಲಿ 65,536 ಸಾಲುಗಳಷ್ಟೇ ಹಿಡಿಯುತ್ತವೆ, ಅಂದರೆ ಎರಡರ ಹದಿನಾರನೇ ಘಾತ. ಅದಕ್ಕಿಂತ ಮೇಲಿನವು ಸದ್ದಿಲ್ಲದೆ ಉದುರಿಹೋಗಿದ್ದವು. ಸುದ್ದಿ ಓದಿ ನನಗೆ ಸಮಾಧಾನ ಆಯಿತು ಅಂದರೆ ತಪ್ಪು ತಿಳಿಯಬೇಡಿ.

ವಿಳಾಸದ ಕಥೆ ಇನ್ನೂ ದೊಡ್ಡದು. ಬೆಂಗಳೂರಿನಲ್ಲಿ ಐದು ವರ್ಷದಿಂದ ಕೆಲಸ ಮಾಡುವ ಹುಡುಗ ಅಲ್ಲೇ ಪರೀಕ್ಷೆ ಮಾಡಿಸುತ್ತಾನೆ, ಆಧಾರ್ ತೋರಿಸುತ್ತಾನೆ. ಆಧಾರಿನಲ್ಲಿ ನಮ್ಮ ಜಿಲ್ಲೆಯ ಹಳ್ಳಿ. ಕೇಸು ನಮ್ಮ ಪಟ್ಟಿಗೆ ಬರುತ್ತದೆ. ಪಂಚಾಯಿತಿಯವರು ಹೋಗಿ ಅವನ ಅಪ್ಪ ಅಮ್ಮ ಇರುವ ಬೀದಿಗೆ ತಗಡು ಹೊಡೆದು ಸೀಲ್‌ಡೌನ್ ಮಾಡುತ್ತಾರೆ. ಆ ಹುಡುಗ ಯುಗಾದಿಗೂ ಊರಿಗೆ ಬಂದಿರುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ನನಗೆ ಗಾದೆಯಾಗಿ ಉಳಿಯಲಿಲ್ಲ, ದಿನಾ ನಡೆಯುವ ಕೆಲಸ ಆಯಿತು. ಆ ಸಾಲನ್ನು ಬೇರೆ ಜಿಲ್ಲೆಗೆ ದಾಟಿಸಲು ಫೋನ್ ಮಾಡಿದರೆ "ವಿಳಾಸ ನಿಮ್ಮದಲ್ವಾ ಸರ್, ನೀವೇ ಇಟ್ಟುಕೊಳ್ಳಿ" ಅನ್ನುತ್ತಿದ್ದರು. ನಮ್ಮಲ್ಲಿಗೆ ಬಂದ ಅಂಥ ಫೋನುಗಳಿಗೆ ನಾವೂ ಅದನ್ನೇ ಹೇಳುತ್ತಿದ್ದೆವು.

ಎರಡನೇ ಅಲೆಯಲ್ಲಿ ಜಗಳದ ವಿಷಯ ಬದಲಾಯಿತು. 2021ರ ಮೇ 5ರಂದು ರಾಜ್ಯದಲ್ಲಿ 50,112 ಕೇಸು. ಪರೀಕ್ಷೆ ಮಾಡಿದ್ದು ಸುಮಾರು 1.55 ಲಕ್ಷ. ಅಂದರೆ ಮೂರರಲ್ಲಿ ಒಬ್ಬರಿಗೆ ಹತ್ತಿರ. ಅವತ್ತು ವರದಿಯಾದ ಸಾವು 346. ನನ್ನ ಪರಿಚಯದ ಒಬ್ಬರು ಫೋನ್ ಮಾಡಿ, "ನೋಡಿ ಮೇಷ್ಟ್ರೇ, ನೂರಕ್ಕೆ ಒಂದೂ ಇಲ್ಲ, ಸುಮ್ನೆ ಹೆದರಿಸ್ತಾರೆ" ಅಂದರು. 346ನ್ನು 50,112ರಿಂದ ಭಾಗಿಸಿದರೆ ಶೇಕಡಾ 0.69 ಬರುತ್ತದೆ, ಭಾಗಾಕಾರ ಸರಿಯೇ ಇದೆ. ಆದರೆ ಇವತ್ತು ಸತ್ತವರು ಇವತ್ತು ಪಾಸಿಟಿವ್ ಬಂದವರಲ್ಲ. ಎರಡು ಮೂರು ವಾರದ ಹಿಂದೆ ಪಾಸಿಟಿವ್ ಬಂದವರು. ಆಗ ದಿನದ ಕೇಸು ಇದರ ಅರ್ಧ ಭಾಗವೂ ಇರಲಿಲ್ಲ. ಕೇಸು ಏರುತ್ತಿರುವಾಗ ಹೀಗೆ ಭಾಗಿಸಿದರೆ ರೋಗ ಮೆತ್ತಗೆ ಕಾಣುತ್ತದೆ, ಇಳಿಯುತ್ತಿರುವಾಗ ಭಾಗಿಸಿದರೆ ರಾಕ್ಷಸನ ಹಾಗೆ ಕಾಣುತ್ತದೆ. ಇದನ್ನು ಅವರಿಗೆ ಹತ್ತು ನಿಮಿಷ ವಿವರಿಸಿದೆ. "ಅದೆಲ್ಲ ಬಿಡಿ, ಒಂದು ಬೆಡ್ ಸಿಗುತ್ತಾ?" ಅಂದರು. ಅವರು ಫೋನ್ ಮಾಡಿದ್ದೇ ಅದಕ್ಕಂತೆ.

ಇನ್ನು ಸಾವಿನ ಲೆಕ್ಕ. ನಿಜವಾದ ವಿವಾದ ಇದ್ದದ್ದು ಇಲ್ಲಿ.

ದೇಶದ ಮೊದಲ ಕೋವಿಡ್ ಸಾವು ಆದದ್ದು ನಮ್ಮ ಕಲಬುರಗಿಯ 76 ವರ್ಷದ ಹಿರಿಯರದ್ದು. ಅವರು ತೀರಿಕೊಂಡದ್ದು 2020ರ ಮಾರ್ಚ್ 10ಕ್ಕೆ, ಕೋವಿಡ್ ಅಂತ ಖಚಿತ ಆದದ್ದು 12ಕ್ಕೆ. ಅಂದರೆ ಮೊದಲ ಸಾವೇ ತಡವಾಗಿ ಲೆಕ್ಕಕ್ಕೆ ಬಂತು. ಆಮೇಲೆ ಆ ತಡ ದಿನಗಳಿಂದ ವಾರಗಳಿಗೆ ಬೆಳೆಯಿತು. ಆಸ್ಪತ್ರೆಯಿಂದ ಕಾಗದ ಬರಬೇಕು, ಸಾವಿನ ಕಾರಣ ಪರಿಶೀಲಿಸುವ ಡೆತ್ ಆಡಿಟ್ ಸಮಿತಿ ನೋಡಬೇಕು, ಆಮೇಲೆ ಬುಲೆಟಿನ್. ಬುಲೆಟಿನ್ನಿನ ಕೊನೆಯ ಪುಟಗಳಲ್ಲಿ ಪ್ರತಿಯೊಬ್ಬರೂ ಸತ್ತ ದಿನಾಂಕ ಇರುತ್ತಿತ್ತು. ಓದಿದವರು ಬಹಳ ಕಡಿಮೆ. ನಾನು ಓದಿ ನೋಟ್‌ಬುಕ್ಕಿಗೆ ಇಳಿಸುತ್ತಿದ್ದೆ. ಜೂನಿನ ಬುಲೆಟಿನ್‌ನಲ್ಲಿ ಮೇ ತಿಂಗಳ ಸಾವುಗಳು, ಒಂದೊಂದು ಏಪ್ರಿಲಿನದ್ದೂ.

ಅದೇ ಹೊತ್ತಿಗೆ ಬೆಂಗಳೂರಿನ ಸುಮನಹಳ್ಳಿ, ಪೀಣ್ಯ ಚಿತಾಗಾರಗಳ ಮುಂದೆ ಆಂಬುಲೆನ್ಸ್ ಸಾಲು. ತಾವರೆಕೆರೆಯಲ್ಲಿ ಬಯಲಲ್ಲೇ ಚಿತೆ. ಪತ್ರಿಕೆಯವರು ಅಲ್ಲಿ ನಿಂತು ಎಣಿಸಿ ಬುಲೆಟಿನ್ ಜೊತೆ ಹೋಲಿಸಿದರು. ಹೊಂದಲಿಲ್ಲ. ನಮ್ಮ ಕೋಣೆಯಲ್ಲಿ ಇದಕ್ಕೆ ಸಿದ್ಧ ಉತ್ತರ ಇತ್ತು: ಶಂಕಿತರನ್ನೂ ಕೋವಿಡ್ ನಿಯಮದಲ್ಲೇ ಸುಡುತ್ತಾರೆ, ಹೊರಜಿಲ್ಲೆಯವರೂ ಇರುತ್ತಾರೆ, ವರದಿ ತಡವಾಗುತ್ತದೆ. ಮೂರೂ ನಿಜ. ಮೂರನ್ನೂ ಕೂಡಿಸಿದರೂ ವ್ಯತ್ಯಾಸ ಮುಚ್ಚುತ್ತಿರಲಿಲ್ಲ ಅನ್ನುವುದೂ ನಿಜ. ಮನೆಯಲ್ಲೇ, ಪರೀಕ್ಷೆಯೇ ಆಗದೆ ಹೋದವರು ಯಾರ ಪಟ್ಟಿಯಲ್ಲೂ ಇರಲಿಲ್ಲ. ಪರೀಕ್ಷೆ ಇಲ್ಲದವರಿಗೆ ಎಸ್‌ಆರ್‌ಎಫ್ ಐಡಿ ಇಲ್ಲ. ಐಡಿ ಇಲ್ಲದವರಿಗೆ ನನ್ನ ಎಕ್ಸೆಲ್ಲಿನಲ್ಲಿ ಸಾಲು ಇಲ್ಲ.

ಅವರು ಕಾಣಿಸಿದ್ದು ಬೇರೆ ಲೆಕ್ಕದಲ್ಲಿ. ದೇಶದಲ್ಲಿ ಯಾವುದೇ ಕಾರಣಕ್ಕೆ ಸತ್ತು ನೋಂದಣಿಯಾದವರು 2019ರಲ್ಲಿ 76.4 ಲಕ್ಷ. 2020ರಲ್ಲಿ 81.2 ಲಕ್ಷ. 2021ರಲ್ಲಿ 1.02 ಕೋಟಿ. ನೋಂದಣಿ ಮಾಡಿಸುವವರೂ ವರ್ಷದಿಂದ ವರ್ಷಕ್ಕೆ ಹೆಚ್ಚಾಗುತ್ತಾರೆ, ಆದ್ದರಿಂದ ಏರಿದ್ದೆಲ್ಲ ಕೋವಿಡ್ ಅಲ್ಲ. ಆದರೂ ಒಂದೇ ವರ್ಷದಲ್ಲಿ 20 ಲಕ್ಷ ಏರಿಕೆಯನ್ನು ನೋಂದಣಿ ಸುಧಾರಿಸಿತು ಅಂತ ವಿವರಿಸುವುದು ಗಣಿತದ ಮೇಷ್ಟ್ರಿಗೆ ಕಷ್ಟ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎರಡು ವರ್ಷದಲ್ಲಿ ಭಾರತದಲ್ಲಿ ಹೆಚ್ಚುವರಿ ಸಾವು, ಅಂದರೆ ಮಾಮೂಲಿಗಿಂತ ಹೆಚ್ಚಾಗಿ ಸತ್ತವರು, 47 ಲಕ್ಷ ಅಂದಿತು. ಅದೇ ಎರಡು ವರ್ಷಕ್ಕೆ ಸರ್ಕಾರದ ಕೋವಿಡ್ ಲೆಕ್ಕ 4.8 ಲಕ್ಷ. ಸಂಸ್ಥೆಯ ಲೆಕ್ಕ ಹಾಕುವ ವಿಧಾನವನ್ನೇ ಸರ್ಕಾರ ಒಪ್ಪಲಿಲ್ಲ. ಅಂದಾಜಿನ ಸಂಖ್ಯೆಯನ್ನು ಅಂದಾಜು ಅಂತಲೇ ಓದಬೇಕು, ಸರಿ. ನಮ್ಮ ಪಟ್ಟಿಯನ್ನೂ ಹಾಗೇ ಓದಬೇಕಿತ್ತು ಅನ್ನುವುದು ನನ್ನ ತಕರಾರು.

ಕೋವಿಡ್ ಸಾವು ಅಂದರೆ ಯಾವುದು ಅನ್ನುವುದಕ್ಕೆ ನಿಯಮ ಇರಲಿಲ್ಲ ಅಂತಲ್ಲ. 2020ರ ಮೇ ತಿಂಗಳಲ್ಲೇ ಐಸಿಎಂಆರ್ ಮಾರ್ಗಸೂಚಿ ಬಂದಿತ್ತು. ಸಕ್ಕರೆ ಕಾಯಿಲೆ, ಆಸ್ತಮಾ ಇದ್ದವರಿಗೆ ಕೋವಿಡ್ ಬಂದು ಸತ್ತರೆ ಮೂಲ ಕಾರಣ ಕೋವಿಡ್ ಅಂತಲೇ ಬರೆಯಬೇಕು. ಹೃದಯ ನಿಂತಿತು, ಉಸಿರು ನಿಂತಿತು ಅಂತ ಮೂಲ ಕಾರಣ ಬರೆಯಬಾರದು, ಅದು ಸಾಯುವ ರೀತಿ ಅಷ್ಟೇ. ಕಾಗದದ ಮೇಲೆ ಇದು ಸರಳ. ರಾತ್ರಿ ಎರಡು ಗಂಟೆಗೆ ಸಾವಿನ ಕಾರಣದ ಫಾರಂ ತುಂಬುವ ಡಾಕ್ಟರಿಗೆ ಅಷ್ಟು ಸರಳ ಅಲ್ಲ. ಮೊದಲ ಅಲೆಯಲ್ಲಿ ಮನೆಯವರೇ ಕೈಮುಗಿಯುತ್ತಿದ್ದರಂತೆ: "ಸಾರ್, ಕೋವಿಡ್ ಅಂತ ಬರೀಬೇಡಿ. ಬಾಡಿ ಕೊಡಲ್ಲ, ಊರಲ್ಲಿ ಮಗಳ ಮದುವೆ ನಿಂತುಹೋಗುತ್ತೆ."

2021ರ ಜೂನ್ ಕೊನೆಗೆ ಕೋವಿಡ್‌ನಿಂದ ಸತ್ತವರ ಮನೆಯವರಿಗೆ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಸೆಪ್ಟೆಂಬರಿನಲ್ಲಿ ನಿಯಮ ಬಂತು. ಪರೀಕ್ಷೆಯ ದಿನದಿಂದ 30 ದಿನದೊಳಗೆ ಸತ್ತರೆ, ಮನೆಯಲ್ಲೇ ಸತ್ತರೂ, ಕೋವಿಡ್ ಸಾವು. ಆಸ್ಪತ್ರೆಯಲ್ಲೇ ಉಳಿದು 30 ದಿನ ದಾಟಿ ಸತ್ತರೂ ಕೋವಿಡ್ ಸಾವು. ಪರಿಹಾರ 50,000 ರೂಪಾಯಿ. ಬರೀಬೇಡಿ ಅಂದವರು ಈಗ ಬರೆದುಕೊಡಿ ಅಂತ ಬಂದರು. ನಾನು ನಗಲಿಲ್ಲ. ಅವರು ಎರಡು ಸಲವೂ ಸರಿಯಾಗೇ ಲೆಕ್ಕ ಹಾಕಿದ್ದರು.

ಗೆರೆ ಎಲ್ಲಾದರೂ ಎಳೆಯಲೇಬೇಕು. ಇಂಗ್ಲೆಂಡಿನಲ್ಲಿ 28 ದಿನ ಅಂತ ಎಳೆದರು. ಎಳೆದ ದಿನವೇ ಅವರ ಒಟ್ಟು ಸಾವಿನ ಲೆಕ್ಕದಿಂದ ಐದು ಸಾವಿರಕ್ಕೂ ಹೆಚ್ಚು ಹೆಸರುಗಳು ಇಳಿದವು. ಬಿಹಾರದಲ್ಲಿ ಮರುಪರಿಶೀಲನೆ ಮಾಡಿದಾಗ 2021ರ ಜೂನ್ 9ರಂದು ಒಂದೇ ದಿನ 3,951 ಸೇರಿದವು, ಒಟ್ಟು 9,429 ಆಯಿತು. ಆ ದಿನ ಅಲ್ಲಿ ಅಷ್ಟು ಜನ ಸಾಯಲಿಲ್ಲ.

ಆ ನವೆಂಬರಿನಲ್ಲಿ ನಮ್ಮ ಬೀದಿಯ ಅಕ್ಕ ಒಬ್ಬರು ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಹಿಡಿದುಕೊಂಡು ಮನೆಗೆ ಬಂದರು. ಅವರ ಯಜಮಾನರು ಆ ಟೀ ಅಂಗಡಿಯ ಮೊದಲ ಪಕ್ಷದವರು, ಕೇಸು ಮುಚ್ಚಿಡುತ್ತಾರೆ ಅನ್ನುತ್ತಿದ್ದವರು. ಏಪ್ರಿಲ್ 28ಕ್ಕೆ ಗಂಟಲ ದ್ರವ ಕೊಟ್ಟಿದ್ದರು, ಪಾಸಿಟಿವ್. ಹದಿನಾಲ್ಕು ದಿನ ಆಸ್ಪತ್ರೆ. ಮೇ 12ಕ್ಕೆ ಮನೆಗೆ ಬಂದರು. ಉಸಿರು ಸರಿಹೋಗಲೇ ಇಲ್ಲ. ಜೂನ್ 1ಕ್ಕೆ ಮನೆಯಲ್ಲೇ ಹೋದರು. ಅರ್ಜಿಗೆ ಸಮಿತಿಯ ಉತ್ತರ ಒಂದೇ ಸಾಲು, ನಿಯಮದೊಳಗೆ ಬರುವುದಿಲ್ಲ ಅಂತ.

"ಮೇಷ್ಟ್ರೇ, ಒಂದು ಸಲ ನೀವೇ ಎಣಿಸಿಬಿಡಿ" ಅಂದರು. ಗೋಡೆಯ ಕ್ಯಾಲೆಂಡರ್ ಇಳಿಸಿ ಎಣಿಸಿದೆ. ದ್ರವ ಕೊಟ್ಟ ದಿನವನ್ನು ಬಿಟ್ಟರೆ 34, ಸೇರಿಸಿದರೆ 35. ಮೂರು ಸಲ ಎಣಿಸಿದೆ.

"ಹಾಗಾದರೆ ನಮ್ಮನೆಯವರು ಈಗ ಯಾವ ಲೆಕ್ಕದಲ್ಲಿದ್ದಾರೆ?"

ನನಗೆ ಗೊತ್ತಿತ್ತು. ಮೇ 12ರ ಆ ಸಾಲನ್ನು ಟೈಪ್ ಮಾಡಿದ್ದು ನಾನೇ. ಕೊನೆಯ ಕಾಲಂನಲ್ಲಿ ಗುಣಮುಖ ಅಂತಿದೆ. "ಕಾಫಿ ಕುಡೀತೀರಾ ಅಕ್ಕ?" ಅಂತ ಕೇಳಿ ಒಳಗೆ ಹೋದೆ.