ಮಂಟಪದಲ್ಲೇ ಕೂತು ಎಡಿಟ್ ಮಾಡುವ ಲ್ಯಾಪ್‌ಟಾಪ್: ನನ್ನ ಅನುಭವ

ರಾತ್ರಿ ಆರತಕ್ಷತೆ ಶೂಟ್ ಮಾಡಿ, ಮರುದಿನ ಮುಹೂರ್ತ ಮುಗಿದು ಜನ ಊಟಕ್ಕೆ ಏಳುವ ಮೊದಲೇ 4 ನಿಮಿಷದ ಫಿಲ್ಮ್ ಒಂದನ್ನು ಮಂಟಪದ ಎಲ್‌ಇಡಿ ಪರದೆಯ ಮೇಲೆ ಹಾಕಬೇಕು. ಇದು ನನ್ನ ಬಹಳ ದಿನದ ಆಸೆ. ದಾವಣಗೆರೆಯ ನಮ್ಮ ಫೋಟೊಗ್ರಾಫರ್ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. "ಲ್ಯಾಪ್‌ಟಾಪ್‌ನಾಗೆ ಫೋರ್‌ಕೆ ಟೆನ್‌ಬಿಟ್ ಎಳೆಯಲ್ಲ ಬಿಡಣ್ಣ, ಅದೇ ದುಡ್ಡಿಗೆ ಒಳ್ಳೆ ಡೆಸ್ಕ್‌ಟಾಪ್ ಕಟ್ಟಿಸು" ಅಂದವರೇ ಎಲ್ಲ. (ಟೆನ್‌ಬಿಟ್ ಅಂದರೆ ಬಣ್ಣದ ವಿವರ ಹೆಚ್ಚಿರುವ, ಕಂಪ್ಯೂಟರಿಗೆ ಭಾರವಾಗುವ ವಿಡಿಯೊ.) ನಾನು ಲ್ಯಾಪ್‌ಟಾಪನ್ನೇ ಕೊಂಡು, ಮುಂದಿನ ಮದುವೆ ಸೀಸನ್‌ನಲ್ಲಿ 11 ಮದುವೆಗೆ ಹಾಗೆ ಮಾಡಿ ತೋರಿಸಿದೆ. ಒಂದು ಸಲವೂ ಕೈಕೊಡಲಿಲ್ಲ.

ಅದಕ್ಕೂ ಮೊದಲು ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಹಿಂದೆ ತೆಗೆದುಕೊಂಡಿದ್ದ ತೆಳು ಲ್ಯಾಪ್‌ಟಾಪಿನಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿದ್ದು. 16 ಜಿಬಿಗಿಂತ ಮೇಲೆ ಏರಿಸಲು ದಾರಿಯೇ ಇರಲಿಲ್ಲ. ಅದರ ಪರದೆ 45% ಎನ್‌ಟಿಎಸ್‌ಸಿ ಪ್ಯಾನೆಲ್, ಅಂದರೆ ಬಣ್ಣಗಳನ್ನು ಪೂರ್ತಿ ತೋರಿಸದ್ದು. ಅದರಲ್ಲಿ ನೋಡಿ ಬಣ್ಣ ಸರಿಮಾಡಿ ಕೊಟ್ಟ ಒಂದು ಮದುವೆಯಲ್ಲಿ, ಅರಿಶಿನ ಶಾಸ್ತ್ರ ಆಗದ ಮುಖಗಳೂ ಟಿವಿಯಲ್ಲಿ ಅರಿಶಿನ ಬಳಿದಂತೆ ಕಂಡವು. ಹುಡುಗಿಯ ತಂದೆ ಕಡೆಯ ಕಂತಿನ 15 ಸಾವಿರ ಹಿಡಿದುಕೊಂಡರು. ಪೂರ್ತಿ ಮತ್ತೆ ಗ್ರೇಡ್ ಮಾಡಿ ಕೊಟ್ಟ ಮೇಲೇ ದುಡ್ಡು ಬಂತು.

ಹಾಗಾಗಿ 2024ರ ಆಷಾಢದಲ್ಲಿ, ಮದುವೆ ಇಲ್ಲದ ತಿಂಗಳು ನೋಡಿಕೊಂಡೇ ಖರೀದಿಗೆ ಇಳಿದೆ. ಪ್ರಯೋಗ ಮಾಡಿ ಕೆಡಿಸಿಕೊಂಡರೂ ಶ್ರಾವಣದವರೆಗೆ ಸಮಯ ಇರುತ್ತದೆ. ಇಂಟೆಲ್‌ನ ಐ7-13650ಎಚ್‌ಎಕ್ಸ್ ಪ್ರೊಸೆಸರ್, ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್, ಬಣ್ಣ ಸರಿಯಾಗಿ ತೋರಿಸುವ 100% ಎಸ್‌ಆರ್‌ಜಿಬಿ ಪರದೆ, ರ‍್ಯಾಮ್‌ಗೆ ಎರಡು ಸ್ಲಾಟ್, ಎಸ್‌ಎಸ್‌ಡಿಗೆ ಎರಡು ಸ್ಲಾಟ್. ಬಿದ್ದ ಬೆಲೆ 1 ಲಕ್ಷ 8 ಸಾವಿರದ ಹತ್ತಿರ. ಸ್ಟುಡಿಯೊ ಹೆಸರಿನ ಜಿಎಸ್‌ಟಿ ನಂಬರ್ ಹಾಕಿಸಿಯೇ ಬಿಲ್ ಮಾಡಿಸಿದೆ, 18% ಲೆಕ್ಕದಲ್ಲಿ 16 ಸಾವಿರ ಚಿಲ್ಲರೆ ಇನ್‌ಪುಟ್ ಕ್ರೆಡಿಟ್ (ನಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆಯುವ ಮೊತ್ತ) ಸಿಕ್ಕಿತು. ಅಂಗಡಿಯವನು ಇದೇ 4060 ಇರುವ, ಎಎಂಡಿ ಪ್ರೊಸೆಸರಿನ ಮಾಡೆಲ್ 8 ಸಾವಿರ ಕಡಿಮೆಗೆ ಕೊಡುತ್ತೇನೆ ಅಂತ ಬಹಳ ಒತ್ತಾಯಿಸಿದ. ಒಪ್ಪಲಿಲ್ಲ. ಕಾರಣ ಮುಂದೆ ಹೇಳುತ್ತೇನೆ.

32 ಜಿಬಿ ರ‍್ಯಾಮ್ ಹಾಕಿಯೇ ಬರುವ ಮಾಡೆಲ್‌ಗೆ ತುಂಬಾ ಜಾಸ್ತಿ ಕೇಳುತ್ತಿದ್ದರು. ನಾನು ಬೆಂಗಳೂರಿನಲ್ಲಿ ಕಂಪ್ಯೂಟರ್ ಬಿಡಿಭಾಗ ಸಿಗುವ ಎಸ್‌ಪಿ ರೋಡ್‌ಗೆ ಹೋಗಿ ಡಿಡಿಆರ್5ರ 16 ಜಿಬಿ ಎರಡು ಸ್ಟಿಕ್ಕನ್ನು 9 ಸಾವಿರಕ್ಕೆ, 2 ಟಿಬಿ ಜೆನ್4 ಎಸ್‌ಎಸ್‌ಡಿಯನ್ನು 12 ಸಾವಿರದ ಆಸುಪಾಸಿಗೆ ತಂದೆ. ಯಾವ ಅಂಗಡಿ, ಹೇಗೆ ಚೌಕಾಸಿ ಮಾಡಿದೆ ಅನ್ನುವುದು ಇಲ್ಲಿ ಬೇಡ. ಬಿಚ್ಚುವ ಮೊದಲು ರ‍್ಯಾಮ್ ಬದಲಿಸಿದರೆ ವಾರಂಟಿ ಉಳಿಯುತ್ತದಾ ಅಂತ ಕಂಪನಿಗೆ ಮೇಲ್ ಹಾಕಿ ಬರವಣಿಗೆಯಲ್ಲೇ ಉತ್ತರ ತರಿಸಿಕೊಂಡೆ.

ಈಗ ಮುಖ್ಯ ವಿಷಯಕ್ಕೆ. ಬಳಗದವರು "ಮಕ್ಸ್ ಸ್ವಿಚ್ ಒತ್ತಿ ಬರೀ ಎನ್‌ವಿಡಿಯಾ ಇಟ್ಟುಕೋ, ಪೂರ್ತಿ ಪವರ್ ಸಿಗುತ್ತೆ" ಅಂದಿದ್ದರು. ಮಕ್ಸ್ ಅಂದರೆ ಪರದೆಯನ್ನು ನೇರ ಎನ್‌ವಿಡಿಯಾಗೆ ಜೋಡಿಸುವ ಸ್ವಿಚ್. ಹಾಗೇ ಮಾಡಿದೆ. ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್ ಸ್ಟುಡಿಯೊದಲ್ಲಿ ನನ್ನ ಸೋನಿ ಎ7 4 ಕ್ಯಾಮೆರಾದ ಕ್ಲಿಪ್ ಇಟ್ಟು ಪ್ಲೇ ಒತ್ತಿದರೆ ಎರಡು ಸೆಕೆಂಡ್ ಓಡಿ ನಿಲ್ಲುತ್ತಿತ್ತು. ಮಾಲೆ ಎತ್ತಿದ ಕೈ ಗಾಳಿಯಲ್ಲೇ ನಿಂತಿದೆ, ಫ್ಯಾನ್ ಮಾತ್ರ ಬೊಬ್ಬೆ ಹಾಕುತ್ತಿದೆ. ಡ್ರೈವರ್ ಬದಲಿಸಿದೆ, ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿದೆ. ಮೂರು ರಾತ್ರಿ ನಿದ್ದೆ ಇಲ್ಲ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದಾಗ ತಿಳಿಯಿತು: 4060 ಸುಮ್ಮನೆ ಕೂತಿದೆ, ಪ್ರೊಸೆಸರ್ ಒಂದೇ 100% ಏದುಸಿರು ಬಿಡುತ್ತಿದೆ.

ನಾವು ಶೂಟ್ ಮಾಡುವುದು 4:2:2 ಟೆನ್‌ಬಿಟ್, ಬಣ್ಣದ ಮಾಹಿತಿ ಹೆಚ್ಚು ಉಳಿಸಿಕೊಳ್ಳುವ ವಿಧಾನ. ಅದನ್ನು ಬಿಡಿಸಿ ಓದುವ ಹಾರ್ಡ್‌ವೇರ್ 40 ಸರಣಿಯ ಎನ್‌ವಿಡಿಯಾದಲ್ಲಿ ಇಲ್ಲ. ಇಂಟೆಲ್ ಪ್ರೊಸೆಸರ್ ಒಳಗಿನ ಸಣ್ಣ ಗ್ರಾಫಿಕ್ಸ್‌ನ ಕ್ವಿಕ್ ಸಿಂಕ್‌ನಲ್ಲಿ ಇದೆ. ನಾನು ಎಎಂಡಿ ಬಿಟ್ಟಿದ್ದೇ ಅದಕ್ಕೆ. ಆದರೆ ಮಕ್ಸ್ ಒತ್ತಿ ಅದೇ ಗ್ರಾಫಿಕ್ಸನ್ನು ನಾನೇ ಮುಚ್ಚಿಬಿಟ್ಟಿದ್ದೆ. ಎರಡೂ ಗ್ರಾಫಿಕ್ಸ್ ಎಚ್ಚರವಿರುವ ಹೈಬ್ರಿಡ್‌ಗೆ ಮರಳಿಸಿ, ರಿಸಾಲ್ವ್‌ನ ಡಿಕೋಡ್ ಆಪ್ಷನ್ಸ್‌ನಲ್ಲಿ ಎನ್‌ವಿಡಿಯಾ ಟಿಕ್ ತೆಗೆದು ಇಂಟೆಲ್ ಒಂದನ್ನೇ ಬಿಟ್ಟೆ. ಎರಡು ಕ್ಯಾಮೆರಾ ಒಟ್ಟಿಗೆ ಬೆಣ್ಣೆಯಂತೆ ಓಡಿದವು. ಒಂದು ಷರತ್ತು: ಇದು ಎಚ್.265 ಎಂಬ ವಿಡಿಯೊ ಕಂಪ್ರೆಷನ್‌ಗೆ ಮಾತ್ರ. ಕ್ಯಾಮೆರಾವನ್ನು ಸೋನಿಯ ಎಚ್.265 ಮೋಡ್ ಆದ ಎಕ್ಸ್‌ಎವಿಸಿ ಎಚ್‌ಎಸ್‌ನಲ್ಲೇ ಇಡಬೇಕು. ಹಳೇ ಎಚ್.264ರ 4:2:2 ಆದರೆ ನನ್ನ ಈ ಇಂಟೆಲ್ಲೂ ಕೈ ಎತ್ತುತ್ತದೆ. ಎನ್‌ವಿಡಿಯಾವನ್ನು ಗ್ರೇಡಿಂಗ್‌ಗೂ ರೆಂಡರ್‌ಗೂ ಬಿಟ್ಟಿದ್ದೇನೆ. ನಾಯ್ಸ್ ರಿಡಕ್ಷನ್ ಹಾಕಿದರೂ 4 ನಿಮಿಷದ ಫಿಲ್ಮ್ 6–7 ನಿಮಿಷಕ್ಕೆ ಹೊರಗೆ ಬರುತ್ತದೆ.

ಬಿಸಿಗೆ ಕಂಡುಕೊಂಡ ಉಪಾಯ ಪುಕ್ಕಟೆ. ಪವರ್ ಆಪ್ಷನ್ಸ್‌ನಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು 100ರಿಂದ 99ಕ್ಕೆ ಇಳಿಸಿದರೆ ಟರ್ಬೊ, ಅಂದರೆ ಪ್ರೊಸೆಸರಿನ ಹೆಚ್ಚುವರಿ ವೇಗ, ನಿಲ್ಲುತ್ತದೆ. 95 ಡಿಗ್ರಿ ಮುಟ್ಟುತ್ತಿದ್ದದ್ದು 75ರ ಹತ್ತಿರ ನಿಂತಿತು, ರೆಂಡರ್ ಒಂದು ನಿಮಿಷ ತಡ ಆಯಿತು ಅಷ್ಟೆ. ಏಪ್ರಿಲ್‌ನಲ್ಲಿ ಶಾಮಿಯಾನದಡಿ ಕೂತವರಿಗೆ ಇದರ ಬೆಲೆ ಗೊತ್ತು.

ನಡುವೆ ಎರಡನೇ ಎಸ್‌ಎಸ್‌ಡಿಯಲ್ಲಿ ಜಾಗ ಮಾಡಿ ವಿಂಡೋಸ್ ಬದಲಿಗೆ ಬಳಸುವ ಉಬುಂಟು ಲಿನಕ್ಸ್ ಹಾಕಿಯೂ ನೋಡಿದೆ. ಲಿನಕ್ಸ್ ರಿಸಾಲ್ವ್ ಆಗ ಫೋನುಗಳ ಎಎಸಿ ಆಡಿಯೊ ಓದುತ್ತಿರಲಿಲ್ಲ, ನೆಂಟರು ಫೋನಿನಲ್ಲಿ ತೆಗೆದು ಕಳಿಸಿದ ಕ್ಲಿಪ್‌ಗಳೆಲ್ಲ ಮೂಕ. ವಾರದಲ್ಲೇ ತೆಗೆದೆ. ಹಳೇ ನುಡಿ ಫಾಂಟಿನ ಟೈಟಲ್‌ಗಳು ಹೊಸ ಮೆಷಿನ್‌ನಲ್ಲಿ ಇಂಗ್ಲಿಷ್ ಗೀಚಾಗಿ ಕಂಡವು. ಫಾಂಟ್ ಫೋಲ್ಡರ್ ಮೊದಲೇ ನಕಲು ಮಾಡಿಟ್ಟುಕೊಳ್ಳಿ.

ಎದೆ ಧಸಕ್ಕೆಂದ ಗಳಿಗೆ ಒಂದೇ. ಮದುವೆಯ ಹಿಂದಿನ ರಾತ್ರಿ ಬಯಾಸ್ ಅಪ್‌ಡೇಟ್ ಒತ್ತಿಬಿಟ್ಟೆ. ಮೆಷಿನ್ ಎದ್ದಾಗ ನೀಲಿ ಪರದೆ, ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ 48 ಅಂಕಿಯ ಕೀಲಿ ಕೇಳುತ್ತಿದೆ. ಮೈಕ್ರೊಸಾಫ್ಟ್ ಅಕೌಂಟಿಗೆ ಫೋನಿನಿಂದ ಹೊಕ್ಕು ಕೀಲಿ ಹುಡುಕುವಷ್ಟರಲ್ಲಿ ರಾತ್ರಿ ಒಂದೂವರೆ. ಈಗ ಆ ಅಂಕಿಗಳನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಟ್ಟಿದ್ದೇನೆ, ಸೀಸನ್ ನಡುವೆ ಯಾವ ಅಪ್‌ಡೇಟೂ ಮುಟ್ಟುವುದಿಲ್ಲ.

ಮಂಟಪದಲ್ಲಿ ಅಡುಗೆಮನೆಯ ಗ್ರೈಂಡರ್ ಇರುವ ಲೈನಿಗೆ ಚಾರ್ಜರ್ ಹಾಕಬೇಡಿ, ಅರ್ತ್ ಇರುವ ಮೂರು ಪಿನ್ನಿನ ಸಾಕೆಟ್ಟೇ ಹುಡುಕಿ. ಕರೆಂಟ್ ಹೋಗಿ ಜನರೇಟರ್ ಬರುವವರೆಗೆ ಕೆಲಸ ಉಳಿಯುತ್ತದೆ, ಆದರೆ ಬ್ಯಾಟರಿಯಲ್ಲಿ ರೆಂಡರ್ ತೆವಳುತ್ತದೆ. ಕ್ಯಾಮೆರಾ 200 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 200 ಮೆಗಾಬಿಟ್) ಗಂಟೆಗೆ 90 ಜಿಬಿ ತುಂಬುವುದರಿಂದ ಎಲ್ಲವನ್ನೂ ಕಾಪಿ ಮಾಡುತ್ತ ಕೂತರೆ ಬೆಳಗಾಗುತ್ತದೆ. ಯಾವ ಶಾಟ್ ಮೊದಲು ಎತ್ತಿಕೊಳ್ಳಬೇಕು, ಟೈಮ್‌ಲೈನ್ ಮೊದಲೇ ಹೇಗೆ ಕಟ್ಟಿಟ್ಟಿರಬೇಕು ಅನ್ನುವುದು ನನ್ನ ಹೊಟ್ಟೆಪಾಡಿನ ವಿದ್ಯೆ, ಅದು ನನ್ನಲ್ಲೇ ಇರಲಿ. ಈ ಫಿಲ್ಮಿಗೆ ಮದುವೆಗೆ 12 ಸಾವಿರ ಹೆಚ್ಚು ತೆಗೆದುಕೊಂಡೆ, ಹನ್ನೊಂದು ಮದುವೆಗೆ ಲ್ಯಾಪ್‌ಟಾಪಿಗೆ ಹಾಕಿದ ದುಡ್ಡು ಪೂರ್ತಿ ವಾಪಸ್ ಬಂತು.

2025ರಲ್ಲಿ ಬಂದ ಆರ್‌ಟಿಎಕ್ಸ್ 50 ಸರಣಿ 4:2:2ವನ್ನು ತಾನೇ ಓದುತ್ತದೆ, ಅದನ್ನು ಕೊಳ್ಳುವವರಿಗೆ ಇಂಟೆಲ್ಲೇ ಬೇಕೆಂಬ ಹಠ ಬೇಡ. ಆದರೆ ಆ ವರ್ಷದ ಕೊನೆಗೆ ರ‍್ಯಾಮ್ ಬೆಲೆ ವಿಪರೀತ ಏರಿತು. ನನ್ನ 9 ಸಾವಿರದ ಲೆಕ್ಕ ಹಿಡಿದು ಎಸ್‌ಪಿ ರೋಡ್ ಬಸ್ ಹತ್ತಬೇಡಿ, ಫೋನ್ ಮಾಡಿ ರೇಟು ಕೇಳಿಕೊಂಡೇ ಹೋಗಿ.