ಅಮ್ಮನ ಫೋನಿಗೆ ಮಿದುಳಿನ ಆಟ ಹಾಕಿಕೊಡುವುದು ಹೇಗೆ?

ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಇದು ಹೀಗೇ ನಡೆಯುತ್ತದೆ. ಭಾನುವಾರ ಮಗ ಬರುತ್ತಾನೆ. ಅಮ್ಮನ ಫೋನಿಗೆ ನಾಲ್ಕು ‘ಬ್ರೇನ್ ಗೇಮ್’ ಹಾಕುತ್ತಾನೆ. ‘ದಿನಾ ಆಡಮ್ಮ, ಮರೆವು ಬರಲ್ಲ’ ಎಂದು ಹೇಳಿ ವೈಟ್‌ಫೀಲ್ಡಿಗೆ ಹೊರಟುಬಿಡುತ್ತಾನೆ. ಮುಂದಿನ ವಾರಕ್ಕೆ ಅಮ್ಮ ಅದನ್ನು ಮುಟ್ಟುತ್ತಲೇ ಇರುವುದಿಲ್ಲ. ತಪ್ಪು ಅಮ್ಮನದಲ್ಲ, ಹಾಕಿಕೊಟ್ಟ ರೀತಿಯದು.

ಮೊದಲು ಕಣ್ಣು, ಕಿವಿ ತೋರಿಸಿಕೊಂಡು ಬನ್ನಿ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆಯ ವಿಚಾರದಲ್ಲಿ ನಾವು ತಡೆಯಬಹುದಾದ 14 ಅಪಾಯಗಳನ್ನು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿದೆ. ಕಿವಿ ಮಂದವಾಗುವುದು, ಸರಿಪಡಿಸದ ದೃಷ್ಟಿದೋಷ, ಬಿಪಿ, ಸಕ್ಕರೆ ಕಾಯಿಲೆ, ಜನರ ಒಡನಾಟ ಇಲ್ಲದಿರುವುದು ಎಲ್ಲವೂ ಅದರಲ್ಲಿವೆ.

ಆಮೇಲೆ ಆಟ ಆರಿಸಿ. ಅವರಿಗೆ ಮೊದಲೇ ಇಷ್ಟವಿದ್ದದ್ದೇ ಆಗಲಿ: ಪದಬಂಧ, ಸುಡೊಕು, ಚೆಸ್, ಚೌಕಾಬಾರ. ‘ಮರೆವನ್ನು ತಡೆಯುತ್ತೇವೆ’ ಎಂದು ಜಾಹೀರಾತು ಕೊಡುವ ಆ್ಯಪ್‌ಗೆ ದುಡ್ಡು ಕಟ್ಟಬೇಡಿ. ಇಂಥದ್ದೇ ಮಾತು ಹೇಳಿದ್ದಕ್ಕೆ ಲುಮೋಸಿಟಿ ಕಂಪನಿ 2016ರಲ್ಲಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 20 ಲಕ್ಷ ಡಾಲರ್ ಕಟ್ಟಬೇಕಾಯಿತು.

ಎಲ್ಲರೂ ಎಡವುವುದು ಫೋನ್ ಸಿದ್ಧ ಮಾಡುವಾಗ. ಇಲ್ಲಿ ಆತುರ ಬೇಡ. ಅಕ್ಷರ ದೊಡ್ಡದು ಮಾಡುವುದು ಎಲ್ಲರಿಗೂ ಗೊತ್ತು. ಆದರೆ ಬೆರಳಿನ ಕಡೆ ಯಾರೂ ನೋಡುವುದಿಲ್ಲ. ವಯಸ್ಸಾದವರು ಪರದೆಯನ್ನು ಮುಟ್ಟಿ ಬಿಡುವುದಿಲ್ಲ, ಒತ್ತಿ ಹಿಡಿಯುತ್ತಾರೆ. ಆಗ ಆಟ ತೆರೆಯುವ ಬದಲು ಐಕಾನ್ ಜರುಗುತ್ತದೆ, ಇಲ್ಲವೇ ಮಾಯವಾಗುತ್ತದೆ. ‘ನಾನೇನೋ ಹಾಳು ಮಾಡಿಬಿಟ್ಟೆ’ ಎಂದು ಅವರು ಫೋನ್ ಕೆಳಗಿಡುತ್ತಾರೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ ತೆರೆದು, ‘ಟಚ್ ಅಂಡ್ ಹೋಲ್ಡ್ ಡಿಲೇ’ ಹುಡುಕಿ ‘ಲಾಂಗ್’ ಮಾಡಿ. ಅರ್ಧ ತೊಂದರೆ ಇಲ್ಲೇ ಮುಗಿಯುತ್ತದೆ.

ಉಳಿದರ್ಧ ಜಾಹೀರಾತಿನದು. ಆಟದ ಮಧ್ಯೆ ಪರದೆ ತುಂಬಾ ಒಂದು ಬರುತ್ತದೆ. ಮುಚ್ಚುವ ಗುರುತು ಮೂಲೆಯಲ್ಲಿ, ಸಾಸಿವೆಯಷ್ಟು. ಅದು ತಪ್ಪಿ ಪಕ್ಕದಲ್ಲಿ ಬೆರಳು ಬಿದ್ದರೆ ಇನ್ನೊಂದು ಆ್ಯಪ್ ಇಳಿಸಲು ಕರೆದೊಯ್ಯುತ್ತದೆ. ಆಟ ಇಳಿಸುವಾಗಲೇ ಹೆಸರಿನ ಕೆಳಗೆ ಜಾಹೀರಾತು ಇದೆಯೇ ಎಂದು ಬರೆದಿರುತ್ತದೆ, ಓದಿ. ಒಂದೇ ಸಲ ದುಡ್ಡು ಕೊಟ್ಟು ಜಾಹೀರಾತು ತೆಗೆಸಬಹುದಾದರೆ ತೆಗೆಸಿಬಿಡಿ. ಆಡುವಾಗ ನೆಟ್ ಆಫ್ ಮಾಡುವ ಉಪಾಯವೂ ಇದೆ, ಆದರೆ ನೀವು ಮಾಡಿದ ವಾಟ್ಸ್ಆ್ಯಪ್ ಕರೆ ಅವರಿಗೆ ತಲುಪುವುದಿಲ್ಲ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಡುವುದನ್ನು ಮಾತ್ರ ಮರೆಯಲೇಬೇಡಿ.

ಈಗ ಪಕ್ಕದಲ್ಲಿ ಕೂತುಕೊಳ್ಳಿ. ಫೋನ್ ಅವರ ಕೈಯಲ್ಲೇ ಇರಲಿ. ‘ಕೊಡಿ ಇಲ್ಲಿ, ನಾನು ಮಾಡ್ತೀನಿ’ ಎಂದು ಒಮ್ಮೆ ಕಿತ್ತುಕೊಂಡರೂ ಕಲಿಕೆ ನಿಂತಿತು. ಅವರು ತಡಕಾಡಲಿ, ನೀವು ಬಾಯಲ್ಲಿ ಹೇಳಿ. ಗಡಿಯಾರ ಓಡುವ ಆಟ ಮೊದಮೊದಲು ಬೇಡ. ಹತ್ತು ಆಟದಲ್ಲಿ ಏಳೆಂಟು ಗೆದ್ದು ಎರಡು ಮೂರು ಸೋಲುವಂಥ ಮಟ್ಟ ಇಡಿ. ಎಲ್ಲವನ್ನೂ ಗೆಲ್ಲುತ್ತಿದ್ದರೆ ಅದು ಸುಮ್ನೆ ಹೊತ್ತು ಕಳೆಯುವುದು.

ಒಂದೇ ಆಟಕ್ಕೆ ಅಂಟಿಕೊಳ್ಳುವುದೂ ಬೇಡ. ಅಮೆರಿಕದಲ್ಲಿ 65 ದಾಟಿದ ಸುಮಾರು 2,800 ಜನರ ಮೇಲೆ ನಡೆದ ‘ಆ್ಯಕ್ಟಿವ್’ ಅಧ್ಯಯನದ ಫಲಿತಾಂಶ 2002ರಲ್ಲಿ ಬಂತು. ನೆನಪಿನ ತರಬೇತಿ ಪಡೆದವರಿಗೆ ನೆನಪು ಸುಧಾರಿಸಿತ್ತು, ಕಂಡದ್ದನ್ನು ಬೇಗ ಗ್ರಹಿಸುವ ತರಬೇತಿ ಪಡೆದವರಿಗೆ ಆ ವೇಗ. ಸುಡೊಕು ಆಡಿದರೆ ಸುಡೊಕು ಚೆನ್ನಾಗಿ ಬರುತ್ತದೆ, ಅಷ್ಟೇ. ಅದಕ್ಕೇ ಆಟ ಬದಲಿಸುತ್ತಿರಿ. ಮೊಮ್ಮಕ್ಕಳ ಜೊತೆ ಆನ್‌ಲೈನ್ ಚೆಸ್ ಆಡಿದರೆ ಮಾತೂ ಆಗುತ್ತದೆ, ಅಲ್ವಾ? ನನ್ನ ಪ್ರಕಾರ ದಿನಕ್ಕೆ ಅರ್ಧ ಗಂಟೆ ಸಾಕು. ಸಂಜೆಯ ನಡಿಗೆ ತಪ್ಪಿಸಿ ಆಡುವುದಾದರೆ ಆಟವೇ ಬೇಡ.

ದಿನಾ ಹೋಗುವ ಅಂಗಡಿಯ ದಾರಿ ತಪ್ಪುವುದು, ಚಿಲ್ಲರೆ ಲೆಕ್ಕ ಸಿಗದಿರುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು ಕಂಡರೆ ಆ್ಯಪ್ ಹುಡುಕುತ್ತಾ ಕೂರಬೇಡಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಹಿರಿಯರಿಗೆಂದೇ ಕ್ಲಿನಿಕ್ ಇದೆ. ಅವರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಚೀಟಿ ಹಿಡಿದು ಕರೆದುಕೊಂಡು ಹೋಗಿ.